ರಂಗಸಜ್ಜಿಕೆಯೇ ಇಲ್ಲದ ಯಕ್ಷಗಾನದಲ್ಲಿ ನಮಗೆ ಕಾಡು, ಅರಮನೆ, ಯುದ್ಧಭೂಮಿ ಕಾಣುವುದು ಹೇಗೆ?

ಅವನ್ನು ಕಟ್ಟುವುದು ಪ್ರೇಕ್ಷಕನ ಕಲ್ಪನೆ. ಕಲಾವಿದರು ಅದಕ್ಕೆ ಬೇಕಾದ ಸೂಚನೆಗಳನ್ನಷ್ಟೇ ಕೊಡುತ್ತಾರೆ. ಭಾಗವತರು ಹಾಡುವ ಪದ್ಯ ಸ್ಥಳವನ್ನೂ ಸನ್ನಿವೇಶವನ್ನೂ ತಿಳಿಸುತ್ತದೆ, ಚೆಂಡೆ ಮದ್ದಳೆಗಳು ಅದರ ಬಿರುಸನ್ನು ನಿರ್ಧರಿಸುತ್ತವೆ, ವೇಷಧಾರಿಯ ಕುಣಿತವೂ ಕಣ್ಣಿನ ನೋಟವೂ ದಿಕ್ಕು ದೂರಗಳನ್ನು ಗುರುತಿಸಿ ತೋರಿಸುತ್ತವೆ. ರಂಗದಲ್ಲಿರುವ, ರಥವೆಂದೇ ಕರೆಯುವ ಮರದ ಪೀಠವೊಂದು ಆಸ್ಥಾನದ ಸನ್ನಿವೇಶದಲ್ಲಿ ಸಿಂಹಾಸನವಾಗಿ, ಯುದ್ಧದಲ್ಲಿ ತೇರಾಗಿ ನಮಗೆ ತೋರುತ್ತದೆ. ಪೀಠ ಇದ್ದಂತೆಯೇ ಇದೆ; ಬದಲಾದದ್ದು ಅದರ ಸುತ್ತಲಿನ ಪದ್ಯ ಮತ್ತು ಕುಣಿತ.

ಇದು ಸಾಧ್ಯವಾಗುವುದಕ್ಕೆ ಕಾರಣವೆಂದರೆ, ಕಲ್ಪನೆ ಶೂನ್ಯದಿಂದ ಹುಟ್ಟುವುದಿಲ್ಲ, ಮನಸ್ಸಿನಲ್ಲಿ ಈಗಾಗಲೇ ಇರುವ ಕಥೆ, ನೋಟ, ಅನುಭವಗಳನ್ನೇ ಸೂಚನೆಯ ಜಾಡು ಹಿಡಿದು ಹೊಸದಾಗಿ ಜೋಡಿಸುತ್ತದೆ. ಭಾರತದ ಕಥೆ ಬಲ್ಲವನಿಗೆ ಕುರುಕ್ಷೇತ್ರವನ್ನು ಬಿಡಿಸಿ ತೋರಿಸಬೇಕಾಗಿಲ್ಲ. ಸಂಸ್ಕೃತದ ಕಾವ್ಯಶಾಸ್ತ್ರಜ್ಞ ರಾಜಶೇಖರ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಪ್ರತಿಭೆಯನ್ನು, ಎಂದರೆ ಕಲ್ಪಿಸುವ ಶಕ್ತಿಯನ್ನು, ಎರಡಾಗಿ ವಿಂಗಡಿಸಿದ್ದು ಈ ದೃಷ್ಟಿಯಿಂದ ಬಹಳ ಉಪಯುಕ್ತ: ರಚಿಸುವ ಕವಿಯದು ಕಾರಯಿತ್ರಿ, ಆಸ್ವಾದಿಸುವವನದು ಭಾವಯಿತ್ರಿ. ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ.

ಯಕ್ಷಗಾನದ್ದೇ ಕುಳಿತು ಮಾತಾಡುವ ರೂಪವಾದ ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆಯುಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿಗಳು ಪದ್ಯದ ಎಳೆ ಹಿಡಿದು ಆಶುವಾಗಿ ಆಡುವ ಮಾತಿನಿಂದಲೇ ಕೌರವನ ಸಭೆ ಎದ್ದು ನಿಲ್ಲಬೇಕು. ಆದ್ದರಿಂದಲೇ ಅಲ್ಲಿ ಸಂದರ್ಭಕ್ಕೆ ಹೊಂದದ ಒಂದು ಮಾತು ಬಂದರೂ ಕೇಳುಗನ ಎದುರು ಕೌರವ ಹೋಗಿ, ಶಾಲು ಹೊದ್ದ ಮನುಷ್ಯ ಮಾತ್ರ ಉಳಿಯುತ್ತಾನೆ.