ಹೋಗಲೋ ಬೇಡವೋ ಅಂತ ಕೇಳಿದ್ದೀರಿ: 2019ರ ವರ್ಜೀನಿಯಾ ತಂಡ ಮತ್ತು ನಾನು ಬಿಟ್ಟುಕೊಟ್ಟ ಕಾರಿನ ಸೀಟು

ಅಮೆರಿಕದಲ್ಲಿ ಎಂ.ಎಸ್., ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಕಾಲೇಜು ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತಕ್ಕೆ, ಬಂದಿದೆ, ಗೆಳೆಯರು ಕಾರು ಮಾಡಿಕೊಂಡು ಹೊರಟಿದ್ದಾರೆ. ನಿಮಗೆ ಆಟ ಅಷ್ಟಾಗಿ ಗೊತ್ತಿಲ್ಲ, ತಂಡ ಸೋತರೆ ದುಡ್ಡೂ ದಂಡ, ಸಮಯವೂ ದಂಡ, ಮೇಲೆ ಪ್ರಾಜೆಕ್ಟ್ ಬೇರೆ. ಇದನ್ನು ನೀವು ಬರೆದಿರೋ ನಾನು ಬರೆದೆನೋ ಅಂತ ಎರಡು ಸಲ ನೋಡಿದೆ. 2019ರ ಏಪ್ರಿಲ್‌ನಲ್ಲಿ ನಾನು ಶಾರ್ಲಟ್ಸ್‌ವಿಲ್‌ನಲ್ಲಿದ್ದೆ, ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ. ಹೋಗಲಿಲ್ಲ.

ಹಿಂದಿನ ವರ್ಷದ ಕಥೆ ಹೇಳದೆ ನನ್ನ ಪೆದ್ದುತನ ಅರ್ಥವಾಗಲ್ಲ. ಈ ಟೂರ್ನಿಯಲ್ಲಿ ಆಗ 68 ತಂಡ, ಆರಂಭದ ಅರ್ಹತಾ ಪಂದ್ಯಗಳಲ್ಲಿ ನಾಲ್ಕು ಹೊರಬಿದ್ದು 64 ಉಳಿಯುತ್ತಿದ್ದವು. ನಾಲ್ಕು ವಲಯ, ಪ್ರತಿ ವಲಯದಲ್ಲೂ 1ರಿಂದ 16ರವರೆಗೆ ಸೀಡ್, ಅಂದರೆ ಬಲದ ಪ್ರಕಾರ ಕೊಟ್ಟ ಸ್ಥಾನ. ಮೊದಲ ಸುತ್ತಿನಲ್ಲಿ 1ನೇ ಸೀಡ್‌ಗೆ 16ನೇ ಸೀಡ್ ಎದುರಾಳಿ. ಒಂದು ಸೋತರೆ ಗಂಟುಮೂಟೆ ಕಟ್ಟಬೇಕು. ಟೂರ್ನಿ 1985ರಲ್ಲಿ 64 ತಂಡಗಳಿಗೆ ಹಿಗ್ಗಿದಾಗಿನಿಂದ ಪುರುಷರ ವಿಭಾಗದಲ್ಲಿ ಇಂಥ 135 ಪಂದ್ಯ ನಡೆದು, 135ರಲ್ಲೂ 1ನೇ ಸೀಡೇ ಗೆದ್ದಿತ್ತು. 136ನೆಯದು ನಮ್ಮ ಪಾಲಿಗೆ ಬಂತು. 2018ರ ಮಾರ್ಚ್ 16, ಶುಕ್ರವಾರ. ಇಡೀ ಟೂರ್ನಿಗೇ ಅಗ್ರ ಸೀಡ್ ಆಗಿದ್ದ ನಮ್ಮ ತಂಡವನ್ನು ಯುಎಂಬಿಸಿ, ಅಂದರೆ ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿಯ ಹುಡುಗರು, 74-54ರಿಂದ ಹೊಡೆದು ಹಾಕಿದರು. ಅರ್ಧ ಆಟಕ್ಕೆ 21-21 ಸಮ ಇತ್ತು. ಉಳಿದ ಇಪ್ಪತ್ತು ನಿಮಿಷದಲ್ಲಿ ಅವರು 53 ಪಾಯಿಂಟ್ ಹಾಕಿದರು.

ಯುಎಂಬಿಸಿ ಹೆಸರು ನಿಮಗೆ ಗೊತ್ತಿರಬಹುದು, ಚೆಸ್ ತಂಡಕ್ಕೆ ಹೆಸರಾದ ಜಾಗ. ನಮ್ಮ ಕಡೆಯ ಎಂ.ಎಸ್. ಹುಡುಗರೂ ಅಲ್ಲಿ ತುಂಬ. ನನ್ನ ಚಿಕ್ಕಪ್ಪನ ಮಗ ಅಲ್ಲೇ ಓದುತ್ತಿದ್ದ. ಬ್ಯಾಸ್ಕೆಟ್‌ಬಾಲ್ ಅಂದರೆ ಏನು ಅಂತಲೂ ತಿಳಿಯದವನು ಆ ರಾತ್ರಿ ವಾಟ್ಸಾಪ್‌ನಲ್ಲಿ ಬರೀ ಸ್ಕೋರ್ ಕಳಿಸಿದ. ಎರಡು ದಿನ ಬಿಟ್ಟು ಯುಗಾದಿ. ಶುಭಾಶಯದ ಕೆಳಗೆ ಮತ್ತೆ ಅದೇ ಸ್ಕೋರ್.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿಕೊಂಡಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನನ್ನು ಕೆಡಿಸಿದ್ದೇ ಅದು. ಕೋಚ್ ಟೋನಿ ಬೆನೆಟ್ ಆಡಿಸುತ್ತಿದ್ದದ್ದು ಪ್ಯಾಕ್-ಲೈನ್ ಅನ್ನುವ ರಕ್ಷಣಾ ಪದ್ಧತಿ, ಅವರ ತಂದೆ ಡಿಕ್ ಬೆನೆಟ್ ರೂಪಿಸಿದ್ದು. ಅಂಕಣದಲ್ಲಿ ಮೂರು ಪಾಯಿಂಟ್ ಗೆರೆ ಅಂತ ಇರುತ್ತೆ, ಅದರ ಹೊರಗಿನಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಎರಡರ ಬದಲು ಮೂರು ಪಾಯಿಂಟ್. ಆ ಗೆರೆಯ ಒಳಗೆ ಇನ್ನೊಂದು ಗೆರೆ ಇದೆ ಅಂತ ಅಂದುಕೊಳ್ಳಿ. ಚೆಂಡು ಇರುವವನ ಮೈಮೇಲೆ ಒಬ್ಬ ಬೀಳುತ್ತಾನೆ, ಉಳಿದ ನಾಲ್ವರು ಆ ಗೆರೆಯೊಳಗೇ ಇದ್ದು ಬುಟ್ಟಿಯ ದಾರಿ ಮುಚ್ಚುತ್ತಾರೆ. ನಮ್ಮೂರ ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಂತೆ ಸರಪಳಿ ಬಿಗಿಯಾಗುತ್ತಲ್ಲ, ಹಾಗೆ. ಹೊರಗಿನಿಂದ ಬೇಕಾದರೆ ಹೊಡೆದುಕೋ, ಒಳಗೆ ಮಾತ್ರ ಬರಬೇಡ ಅನ್ನುವ ಲೆಕ್ಕ. ತಮ್ಮ ಕೈಗೆ ಚೆಂಡು ಬಂದಾಗಲೂ ಅವಸರವಿಲ್ಲ, ಒಂದು ಸರದಿಗೆ ಸಿಗುವ 30 ಸೆಕೆಂಡಿನ ಗಡಿಯಾರ ಮುಗಿಯುವ ತನಕ ಸುತ್ತಿಸುತ್ತಿದ್ದರು. ಹಾಗಾಗಿ ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಸಿಗುತ್ತಿದ್ದ ಸರದಿ ಅರವತ್ತರ ಆಸುಪಾಸು ಅಷ್ಟೇ.

ನಾನು ಓದುತ್ತಿದ್ದದ್ದು ಅಂಕಿಅಂಶಕ್ಕೆ ಹತ್ತಿರದ ವಿಷಯ. ಸರದಿ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಜಾಸ್ತಿ, ದುರ್ಬಲ ತಂಡಕ್ಕೆ ಅವಕಾಶ ಜಾಸ್ತಿ. ಇದು ತಪ್ಪೇನಲ್ಲ, ಪುಸ್ತಕದ ಮಾತೇ. ಆ ರಾತ್ರಿ ಯುಎಂಬಿಸಿ ಆ ಮೂರು ಪಾಯಿಂಟ್ ಗೆರೆಯ ಹೊರಗಿನಿಂದ 24 ಸಲ ಎಸೆದು 12 ಸಲ ಹಾಕಿತ್ತು. ನೋಡಿ, ಹೊರಗಿನಿಂದ ಬಿದ್ದರೆ ಈ ತಂಡ ಮುಗೀತು ಅಂದೆ. ತಂಡದ ಅತಿ ಪ್ರತಿಭಾವಂತ ಡಿಯಾಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಆ ಪಂದ್ಯಕ್ಕೇ ಇರಲಿಲ್ಲ. ಆ ವಿಷಯ ಮಾತ್ರ ನನ್ನ ಸಿದ್ಧಾಂತದಿಂದ ಸಲೀಸಾಗಿ ಜಾರಿಹೋಯಿತು. ಒಂದೇ ಒಂದು ಪಂದ್ಯ ನೋಡಿ ತಂಡದ ಜಾತಕ ಬರೆದಿಟ್ಟೆ. ಕೇಳಿದವರಿಗೆಲ್ಲ ಅದನ್ನೇ ಓದಿ ಹೇಳಿದೆ, ಕೇಳದವರಿಗೂ ಹೇಳಿದೆ. ಕ್ಯಾಂಟೀನಿನಲ್ಲಿ ಟಿಶ್ಯೂ ಮೇಲೆ ಗ್ರಾಫ್ ಬರೆದದ್ದೂ ಉಂಟು.

ಮುಂದಿನ ಸೀಸನ್‌ನಲ್ಲಿ ಅವರು ಇಡೀ ದೇಶದಲ್ಲೇ ಅತಿ ನಿಧಾನವಾಗಿ ಆಡಿದ ತಂಡ. ಅಂದರೆ ನಾನು ಬೈದದ್ದನ್ನೇ ಮತ್ತೆ ಮಾಡಿದರು. ಆದರೆ ದಾಳಿಯ ರೀತಿಯನ್ನು ಬೆನೆಟ್ ಬದಲಾಯಿಸಿದ್ದರು. ಜೊತೆ ಆಟಗಾರನೊಬ್ಬ ಅಡ್ಡ ನಿಂತು ಎದುರಾಳಿ ಕಾವಲುಗಾರನನ್ನು ತಡೆಯುವ ಸ್ಕ್ರೀನ್‌ಗಳನ್ನು ಜಾಸ್ತಿ ಬಳಸಿ, ಟೈ ಜೆರೋಮ್ ಮತ್ತು ಕೈಲ್ ಗೈ ಕೈಗೆ ಆಟ ಕೊಟ್ಟರು. 5 ಅಡಿ 9 ಇಂಚಿನ ಮೊದಲ ವರ್ಷದ ಹುಡುಗ ಕಿಹೇ ಕ್ಲಾರ್ಕ್ ಬಂದ. ಗಿನಿ ದೇಶದ ಮಮಾದಿ ಡಿಯಾಕಿಟೆ, ನ್ಯೂಜಿಲೆಂಡಿನ ಜ್ಯಾಕ್ ಸಾಲ್ಟ್ ಇದ್ದೇ ಇದ್ದರು. ಹಂಟರ್ ಕೈ ಸರಿಯಾಗಿತ್ತು. ಇಡೀ ಸೀಸನ್‌ನಲ್ಲಿ ಸೋತದ್ದು ಮೂರೇ, ಅದರಲ್ಲಿ ಎರಡು ಡ್ಯೂಕ್ ಎದುರು. ಕೈಲ್ ಗೈ ಅಂತೂ ಯುಎಂಬಿಸಿ ಸಂಭ್ರಮದ ಮಧ್ಯೆ ತಾನು ಬಗ್ಗಿ ನಿಂತ ಫೋಟೋವನ್ನೇ ತನ್ನ ಟ್ವಿಟರ್ ಖಾತೆಗೆ ಹಾಕಿಕೊಂಡಿದ್ದ. ಇವೆಲ್ಲ ನನ್ನ ಕಣ್ಣೆದುರೇ ನಡೆದವು. ನಾನು ಗ್ರಾಫ್ ಬಿಡಲಿಲ್ಲ.

ಟೂರ್ನಿಯ ಮೊದಲ ಪಂದ್ಯ, ಮತ್ತೆ 16ನೇ ಸೀಡ್, ಗಾರ್ಡ್ನರ್-ವೆಬ್. ಅರ್ಧ ಆಟಕ್ಕೆ 30-36, ನಮ್ಮವರು ಹಿಂದೆ. ರೂಮಿನಲ್ಲಿ ಯಾರೂ ಮಾತಾಡುತ್ತಿಲ್ಲ, ನಾನೊಬ್ಬ "ಹೇಳಿರಲಿಲ್ವಾ" ಅನ್ನುತ್ತಿದ್ದೆ. ಎಂಥ ಅಸಹ್ಯ ಸುಖ ಅದು. ಗೆದ್ದರು, 71-56. ಆಮೇಲೆ ಒಕ್ಲಹೋಮ, ಆಮೇಲೆ ಒರೆಗಾನ್ ಎದುರು 53-49.

ಲೂಯಿವಿಲ್‌ನಲ್ಲಿ ಪರ್ಡ್ಯೂ ಎದುರು ನಡೆದದ್ದನ್ನು ನೀವು ಯೂಟ್ಯೂಬ್‌ನಲ್ಲಿ ನೋಡಲೇಬೇಕು. ಪರ್ಡ್ಯೂನ ಕಾರ್ಸನ್ ಎಡ್ವರ್ಡ್ಸ್ ಒಬ್ಬನೇ 42 ಪಾಯಿಂಟ್ ಹಾಕಿದ. ಹೊರಗಿನಿಂದಲೇ ಹತ್ತು ಬುಟ್ಟಿ, ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? 5.9 ಸೆಕೆಂಡ್ ಬಾಕಿ, ಮೂರು ಪಾಯಿಂಟ್ ಹಿಂದೆ, ಜೆರೋಮ್‌ಗೆ ಎರಡು ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರೂ ಅಡ್ಡ ಬರದಂತೆ ಎಸೆಯುವ ಒಂದೊಂದು ಪಾಯಿಂಟಿನ ಅವಕಾಶ. ಒಂದು ಬಿತ್ತು, ಎರಡನೆಯದು ತಪ್ಪಿತು. ಡಿಯಾಕಿಟೆ ಕೈ ಚಾಚಿ ಚೆಂಡನ್ನು ಹಿಂದಕ್ಕೆ ತಟ್ಟಿದ, ಅದು ಅಂಕಣದ ಆ ತುದಿಗೆ ಓಡಿತು. ಪುಟ್ಟ ಕ್ಲಾರ್ಕ್ ಓಡಿಹೋಗಿ ಹಿಡಿದ. ಎಂಥವನಾದರೂ ಅಲ್ಲಿಂದಲೇ ಬೀಸಿ ಎಸೆಯುತ್ತಿದ್ದ. ಇವನು ತಲೆಯೆತ್ತಿ ನೋಡಿ ದೂರದಲ್ಲಿದ್ದ ಡಿಯಾಕಿಟೆಗೇ ಪಾಸ್ ಕೊಟ್ಟ. ಸಮಯ ಮುಗಿಯಿತು ಅನ್ನುವ ಕೆಂಪು ದೀಪ ಹೊತ್ತುವ ಮೊದಲು ಚೆಂಡು ಡಿಯಾಕಿಟೆಯ ಕೈಬಿಟ್ಟಿತ್ತು. 70-70. ಓವರ್‌ಟೈಮ್‌ನಲ್ಲಿ, ಅಂದರೆ ಸಮವಾದಾಗ ಕೊಡುವ ಹೆಚ್ಚುವರಿ ಆಟದಲ್ಲಿ, ನಮ್ಮವರು ಗೆದ್ದರು, 80-75.

ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಅದೇ ರಾತ್ರಿ ಫೈನಲ್ ಫೋರ್ ನಡೆಯಲಿದ್ದ ಮಿನಿಯಾಪೊಲಿಸ್‌ಗೆ ಹೊರಡುವ ತಯಾರಿ ಶುರು ಮಾಡಿದ. ಶಾರ್ಲಟ್ಸ್‌ವಿಲ್‌ನಿಂದ ಹತ್ತಿರ ಹತ್ತಿರ 1,800 ಕಿಲೋಮೀಟರ್. ಐದು ಜನರ ಕಾರು, ನನಗೂ ಒಂದು ಸೀಟು. ಶನಿವಾರ ಸೆಮಿಫೈನಲ್, ಸೋಮವಾರ ಫೈನಲ್.

ಇಲ್ಲಿ ನಾನು ಮಾಡಿದ್ದನ್ನು ಕೇಳಿ. ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಕೂಡಿ ಕಳೆದೆ. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು, ಫೈನಲ್ ಅರ್ಧಕ್ಕರ್ಧ, ಗುಣಿಸಿದರೆ ಕಪ್ ಸಿಗೋದು ಮೂರರಲ್ಲಿ ಒಂದು. ಪೆಟ್ರೋಲು, ಹೋಟೆಲು, ಟಿಕೆಟು, ಸೋಮವಾರ ಕೊಡಬೇಕಾದ ಪ್ರಾಜೆಕ್ಟ್, ಎಲ್ಲಕ್ಕೂ ಒಂದೊಂದು ಬೆಲೆ ಕಟ್ಟಿದೆ. ಬಲಗಡೆಯ ಕಾಲಮ್ಮಿನಲ್ಲಿ, ಅಂದರೆ ಹೋದರೆ ಏನು ಸಿಗುತ್ತೆ ಅನ್ನುವಲ್ಲಿ, ಒಂದೇ ಸಾಲು ಬರೆದಿದ್ದೆ: ಕಪ್ ಗೆದ್ದರೆ. ಹದಿನೆಂಟು ಗಂಟೆ ಐವರು ಒಂದೇ ಕಾರಿನಲ್ಲಿ ಕೂತು ಹೋಗುವುದಕ್ಕೆ ಬೆಲೆ ಸೊನ್ನೆ. ಆಟ ನೋಡುವುದಕ್ಕೇ ಸೊನ್ನೆ. ಸೋತ ರಾತ್ರಿಯಲ್ಲಿ ಗೆಳೆಯರ ಜೊತೆ ಇರುವುದಕ್ಕೆ ಸೊನ್ನೆ. ಲೆಕ್ಕ ಸರಿಯಾಗೇ ಇತ್ತು, ಬರೆದ ಹಾಳೆ ಖಾಲಿ ಇತ್ತು. ಎಷ್ಟೋ ದಿನ ನಾನು ಸಾಧ್ಯತೆಯ ಅಂದಾಜಿನಲ್ಲಿ ತಪ್ಪಿದೆ ಅಂದುಕೊಂಡಿದ್ದೆ. ಅದಲ್ಲ. ಮೂರರಲ್ಲಿ ಒಂದು ಅನ್ನೋದು ಇವತ್ತಿಗೂ ಒಪ್ಪಬಹುದಾದ ಅಂದಾಜೇ. ಆ ಕಾಲಮ್ಮಿನಲ್ಲಿ ಬೇರೇನೂ ಬರೆಯಲು ನನಗೆ ತೋಚಲೇ ಇಲ್ಲವಲ್ಲ, ಕೆಟ್ಟದ್ದು ಅಲ್ಲಿ. ಇನ್ನೊಂದು ವಿಷಯ, ಒಂದು ವರ್ಷದಿಂದ ಸೋಲ್ತಾರೆ ಅಂತ ಸಾರುತ್ತಾ ಬಂದವನಿಗೆ ಅವರು ಗೆಲ್ಲುವ ಜಾಗಕ್ಕೆ ಹೋಗೋದು ಮುಜುಗರ. ಅದನ್ನು ಎಕ್ಸೆಲ್‌ನಲ್ಲಿ ಬರೆಯಲಿಲ್ಲ.

"ಏನಲೇ, ಬರಂಗಿಲ್ಲೇನು? ಲೆಕ್ಕಾ ಮಾಡ್ಕೋತ ಕುಂತೀಯೇನು?" ಅಂದ ರೂಮ್‌ಮೇಟ್. ಆಬರ್ನ್ ಹತ್ತಿರವೇ ಸೋಲ್ತಾರೆ, ನೀವು ಶನಿವಾರ ರಾತ್ರಿಯೇ ವಾಪಸ್ ಹೊರಡ್ತೀರಿ ನೋಡು ಅಂದೆ. ಅವನು ಜಗಳ ಆಡಲಿಲ್ಲ. ಸೀಟು ಕೆಳಗಿನ ಮನೆಯ ಜೂನಿಯರ್ ಒಬ್ಬನಿಗೆ ಹೋಯಿತು. ಅವನಿಗೆ ಒಂದು ಬುಟ್ಟಿಗೆ ಎರಡು ಪಾಯಿಂಟ್ ಯಾಕೆ ಅಂತಲೂ ಗೊತ್ತಿರಲಿಲ್ಲ.

ಏಪ್ರಿಲ್ 6, ಊರಲ್ಲಿ ಯುಗಾದಿ. ಅಮ್ಮನ ಜೊತೆ ವಿಡಿಯೋ ಕಾಲ್, ಕುಕ್ಕರಿನಲ್ಲಿ ಹೋಳಿಗೆ ಹೂರಣಕ್ಕೆ ಬೇಳೆ, ಸಂಜೆ ಟಿವಿ. ಆಬರ್ನ್ ಎದುರು ಹತ್ತು ಪಾಯಿಂಟ್ ಮುಂದಿದ್ದವರು ಕೊನೆಯ ಐದು ನಿಮಿಷದಲ್ಲಿ ಸಾಲಾಗಿ 14 ಪಾಯಿಂಟ್ ಬಿಟ್ಟುಕೊಟ್ಟರು. 62-60 ಆಬರ್ನ್ ಮುಂದೆ, ಕೈಲ್ ಗೈ ಮೂಲೆಯಿಂದ ಹಾರಿ ಎಸೆದ, ತಪ್ಪಿತು. ನಾನು ಫೋನ್ ಎತ್ತಿಕೊಂಡು "ಹೇಳಿದ್ದೆ" ಅಂತ ಟೈಪ್ ಮಾಡಿದ್ದೂ ಆಯಿತು. ಆಗ ರೆಫರಿ ಕೈ ಎತ್ತಿದ್ದು ಕಂಡಿತು. ಎಸೆಯುವಾಗ ಫೌಲ್ ಆಗಿತ್ತು, 0.6 ಸೆಕೆಂಡ್ ಬಾಕಿ, ಮೂರು ಫ್ರೀ ಥ್ರೋ. ಎರಡು ಹಾಕಿದ, ಆಬರ್ನ್ ಬೇಕೆಂದೇ ಟೈಮ್‌ಔಟ್ ತೆಗೆದುಕೊಂಡಿತು, ವಾಪಸ್ ಬಂದು ಮೂರನೆಯದೂ ಹಾಕಿದ. 63-62. ಅದಕ್ಕೂ ಸ್ವಲ್ಪ ಮುಂಚೆ ಜೆರೋಮ್ ಮಾಡಿದ ಡಬಲ್ ಡ್ರಿಬಲ್ಲನ್ನು, ಅಂದರೆ ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪನ್ನು, ರೆಫರಿಗಳು ಬಿಟ್ಟಿದ್ದರು ಅಂತ ಆಬರ್ನ್‌ನವರು ಇವತ್ತಿಗೂ ಬೈಯುತ್ತಾರೆ. ಬೈಯುವುದರಲ್ಲಿ ನ್ಯಾಯ ಇದೆ.

ಟೈಪ್ ಮಾಡಿದ್ದನ್ನು ಅಳಿಸಿದೆ. ಭಾನುವಾರ ಸಂಜೆ ಪ್ರೊಫೆಸರರ ಮೇಲ್ ಬಂತು: ಅರ್ಧ ತರಗತಿ ಮಿನಿಯಾಪೊಲಿಸ್‌ನಲ್ಲಿರುವ ಕಾರಣ ಪ್ರಾಜೆಕ್ಟ್ ಗಡುವು ಒಂದು ವಾರ ಮುಂದಕ್ಕೆ.

ಸೋಮವಾರದ ಫೈನಲ್ ಟೆಕ್ಸಸ್ ಟೆಕ್ ಎದುರು. ಕೊನೆಯ ಗಳಿಗೆಯಲ್ಲಿ ಮೂರು ಪಾಯಿಂಟ್ ಹಿಂದೆ ಇದ್ದಾಗ ಜೆರೋಮ್ ಒಳಗೆ ನುಗ್ಗಿ ಚೆಂಡನ್ನು ಮೂಲೆಗೆ ಕೊಟ್ಟ, ಹಂಟರ್ ಹಾಕಿದ, 68-68. ಓವರ್‌ಟೈಮ್‌ನಲ್ಲಿ 85-77. ಹಂಟರ್‌ಗೆ 27 ಪಾಯಿಂಟ್, ಗೈಗೆ 24 ಮತ್ತು ಫೈನಲ್ ಫೋರ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ. ಸೀಸನ್ 35 ಗೆಲುವು, 3 ಸೋಲು. ವರ್ಜೀನಿಯಾ ಪುರುಷರ ತಂಡಕ್ಕೆ ಅದೇ ಮೊದಲ ರಾಷ್ಟ್ರೀಯ ಕಪ್. ನಮ್ಮ ಕ್ಯಾಂಪಸ್ ಪಕ್ಕದ ಕಾರ್ನರ್ ಅನ್ನುವ ಬೀದಿಗೆ ಊರಿಗೆ ಊರೇ ಇಳಿಯಿತು, ನಾನೂ ಹೋಗಿ ಕೂಗಿದೆ. ಚೆನ್ನಾಗೇ ಇತ್ತು. ಆದರೆ ಕಾರಿನವರು ಬುಧವಾರ ಬಂದಾಗ ಅವರ ಮಧ್ಯೆ ಬೇರೆಯದೇ ಭಾಷೆ ಹುಟ್ಟಿತ್ತು. ವಿಸ್ಕಾನ್ಸಿನ್‌ನ ಯಾವುದೋ ಪೆಟ್ರೋಲ್ ಬಂಕಿನ ಹೆಸರು ಹೇಳಿದರೆ ಐದೂ ಜನ ನಗುತ್ತಿದ್ದರು. ಆ ಜೂನಿಯರ್ ಈಗ ನನ್ನ ರೂಮ್‌ಮೇಟಿನ ಸ್ಟಾರ್ಟಪ್ಪಿನಲ್ಲಿ ಪಾಲುದಾರ. ಕಾರಣ ಆ ಕಾರಲ್ಲ ಅಂತ ಇಬ್ಬರೂ ಹೇಳುತ್ತಾರೆ, ನಾನು ನಂಬಲ್ಲ.

ಈಗ ನಿಮ್ಮ ವಿಷಯ. ಆಟ ಗೊತ್ತಿಲ್ಲ ಅನ್ನೋದನ್ನು ಕಾರಣ ಅಂತ ಒಪ್ಪಲ್ಲ. ನನಗೆ ಬೇಕಾದ್ದಕ್ಕಿಂತ ಜಾಸ್ತಿ ಗೊತ್ತಿತ್ತು, ಏನು ಕಿಸಿದೆ? "ಸೋತರೆ ದಂಡ" ಅನ್ನೋ ಮಾತನ್ನಂತೂ ಪ್ರಶ್ನೆಯಿಂದಲೇ ತೆಗೆದುಹಾಕಿ. ಆ ಮಾತು ಇರುವ ತನಕ ಯಾವ ಉತ್ತರ ಬಂದರೂ ತಪ್ಪೇ. ದುಡ್ಡಿನ ತೊಂದರೆ ನಿಜವಾಗಿ ಇದ್ದರೆ, ಎಜುಕೇಶನ್ ಲೋನಿನ ಕಂತು ಕುತ್ತಿಗೆಗೆ ಬಂದಿದ್ದರೆ, ಹೋಗಬೇಡಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಗೆಳೆಯರ ಹತ್ತಿರ ದುಡ್ಡಿಲ್ಲ ಅಂತಲೇ ಹೇಳಿ, ತಂಡ ಸೋಲುತ್ತೆ ಅನ್ನಬೇಡಿ. ದುಡ್ಡಿಲ್ಲ ಅಂದರೆ ಅವರಲ್ಲೇ ಯಾರಾದರೂ ಟಿಕೆಟ್ಟಿಗೆ ಕೈಸಾಲ ಕೊಟ್ಟಾರು. ಪ್ರಾಜೆಕ್ಟಿಗೆ ಇವತ್ತೇ ಪ್ರೊಫೆಸರಿಗೆ ಮೇಲ್ ಹಾಕಿ, ಕಾರಣ ಇದ್ದದ್ದು ಇದ್ದಂತೆ ಬರೆಯಿರಿ. ಕಾಯಿಲೆ, ಊರಲ್ಲಿ ಅಜ್ಜಿ, ಅವೆಲ್ಲ ಬೇಡ. ಆ ವಾರ ಆ ಕಾರಣವನ್ನು ಅವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ಇರಲ್ಲ.

ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ ಅಂತ ಯಾರಾದರೂ ಹೇಳಿಯಾರು. ಕಾಣುತ್ತೆ, ಸುಳ್ಳಲ್ಲ. ಫೈನಲ್ ಫೋರ್ ನಡೆಯೋದು ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಮ್ಮುಗಳಲ್ಲಿ, ಮಿನಿಯಾಪೊಲಿಸ್‌ನಲ್ಲಿ 72,000ಕ್ಕೂ ಹೆಚ್ಚು ಜನ ಇದ್ದರು. ಮೇಲಿನ ಸಾಲಿನಿಂದ ಆಟಗಾರರು ಕಡ್ಲೆಕಾಯಿ ಗಾತ್ರ. ವಿದ್ಯಾರ್ಥಿಗಳ ಜಾಗ ಬುಟ್ಟಿಯ ಹಿಂದೆ ಇರುತ್ತೆ, ಕಾಲೇಜಿನ ಮೂಲಕ ಅದು ಸಿಗುತ್ತಾ ಅಂತ ಮೊದಲು ವಿಚಾರಿಸಿ, ಸಿಕ್ಕರೆ ಬೇರೆ ಯೋಚನೆಯೇ ಬೇಡ.

ಬಾಡಿಗೆ ಕಾರಾದರೆ ಓಡಿಸುವ ಎಲ್ಲರ ಹೆಸರನ್ನೂ ಕರಾರಿನಲ್ಲಿ ಬರೆಸಿ. ಹೆಸರಿಲ್ಲದವನು ಓಡಿಸುವಾಗ ಏನಾದರೂ ಆದರೆ ಇನ್ಶೂರೆನ್ಸ್ ಕೈಯೆತ್ತುತ್ತೆ. 25 ವರ್ಷದೊಳಗಿನವರಿಗೆ ದಿನಕ್ಕಿಷ್ಟು ಅಂತ ಹೆಚ್ಚುವರಿ ಹಾಕುತ್ತಾರೆ, ಅದನ್ನು ಐದು ಜನರಲ್ಲಿ ಮೊದಲೇ ಹಂಚಿಕೊಳ್ಳಿ. ಸೋಮವಾರ ಪಂದ್ಯ ಮುಗಿಯುವಾಗ ಮಧ್ಯರಾತ್ರಿ ಹತ್ತಿರವಾಗುತ್ತೆ, ಗೆಲ್ಲಲಿ ಸೋಲಲಿ ಆ ರಾತ್ರಿ ಹೊರಡಬೇಡಿ. ಫೈನಲ್‌ಗೆ ಟಿಕೆಟ್ ಇಲ್ಲದಿದ್ದರೂ ಶನಿವಾರವೇ ಗಾಬರಿಯಾಗಿ ಕೊಳ್ಳಬೇಡಿ. ಸೆಮಿಫೈನಲ್‌ನಲ್ಲಿ ಸೋತ ಎರಡು ತಂಡದವರು ಭಾನುವಾರ ತಮ್ಮ ಟಿಕೆಟ್ ಮಾರಲು ನೋಡುತ್ತಾರೆ. ಪಂದ್ಯದ ಆ್ಯಪ್‌ನಲ್ಲೋ ಅಧಿಕೃತ ಮರುಮಾರಾಟದ ಸೈಟಿನಲ್ಲೋ ನೋಡಿ, ಸ್ಟೇಡಿಯಂ ಬಾಗಿಲಲ್ಲಿ ಸ್ಕ್ರೀನ್‌ಶಾಟ್ ತೋರಿಸುವವರ ಕೈಗೆ ಮಾತ್ರ ದುಡ್ಡು ಕೊಡಬೇಡಿ.