ಏರ್ ಸಸ್ಪೆನ್ಶನ್ ತೆಗೆಸಿ ಸ್ಪ್ರಿಂಗ್ ಹಾಕಿಸಬೇಕೇ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ನನ್ನ ವಿದೇಶಿ ಎಸ್‌ಯುವಿಗೆ ಈಗ ಹನ್ನೊಂದು ವರ್ಷ. ನಾಲ್ಕೂ ಚಕ್ರಗಳಿಗೆ ಏರ್ ಸಸ್ಪೆನ್ಶನ್ ಇದೆ, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಗಾಡಿಯ ಭಾರ ಹೊರುತ್ತವೆ. ಈ ಮಳೆಗಾಲದಿಂದೀಚೆಗೆ ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಮುಂದಿನ ಎಡ ಮೂಲೆ ಕುಸಿದಿರುತ್ತದೆ. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಮೇಲೇಳುತ್ತದೆ. ನಾಲ್ಕನ್ನೂ ಬಿಚ್ಚಿ ಕಾಯಿಲ್ ಸ್ಪ್ರಿಂಗ್, ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿಬಿಡೋಣ, ಇನ್ನೊಂದು ಗಾಡಿಯ ಸ್ಪ್ರಿಂಗ್ ಇದಕ್ಕೆ ಹೊಂದುತ್ತದೆ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ತಿಂಗಳಿಗೆರಡು ಸಲ ಚಾರ್ಮಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗಿಬರುತ್ತೇನೆ. ಕೊಯ್ಲಿನ ಕಾಲದಲ್ಲಿ ಹಿಂದೆ ನಾಲ್ಕು ಮೂಟೆ ಹೇರುವುದೂ ಉಂಟು. ಮಾಡಿಸಬಹುದೇ?

ಉತ್ತರ: ಮಾಡಿಸಬಹುದು, ಆದರೆ ನೀವು ಬರೆದಿರುವ ಲಕ್ಷಣ ನೋಡಿದರೆ ಇನ್ನೂ ಆ ಹಂತಕ್ಕೆ ಬಂದಂತಿಲ್ಲ. ಒಂದೇ ಮೂಲೆ ಕುಸಿಯುತ್ತಿದೆ, ಎಂಜಿನ್ ಚಾಲೂ ಆದೊಡನೆ ಅದು ಏಳುತ್ತದೆ ಎಂದರೆ ಕಂಪ್ರೆಸರ್ ಇನ್ನೂ ಗಾಳಿ ತುಂಬುತ್ತಿದೆ. ಸೋರಿಕೆ ಇರುವುದು ಹೆಚ್ಚಾಗಿ ಆ ಮೂಲೆಯ ರಬ್ಬರ್ ಬೆಲ್ಲೋದಲ್ಲಿ (ಗಾಳಿ ತುಂಬುವ ಮಡಿಕೆಯ ಚೀಲ), ಅದಕ್ಕೆ ಹೋಗುವ ಪೈಪಿನಲ್ಲಿ, ಇಲ್ಲವೇ ಪೈಪಿನ ಜಾಯಿಂಟಿನಲ್ಲಿ. ಮುಂದಿನ ಎರಡೂ ಕಡೆ ಅಥವಾ ನಾಲ್ಕೂ ಕಡೆ ಒಟ್ಟಿಗೆ ಇಳಿಯುತ್ತಿದ್ದರೆ ಚಕ್ರಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕನ್ನು ಅನುಮಾನಿಸಬೇಕಾಗುತ್ತಿತ್ತು. ಇಳಿದದ್ದು ಏಳದೇ ಉಳಿದಿದ್ದರೆ ಕಂಪ್ರೆಸರ್, ಅದರ ರಿಲೇ ಅಥವಾ ಫ್ಯೂಸನ್ನು ನೋಡಬೇಕಾಗುತ್ತಿತ್ತು. ಆದ್ದರಿಂದ ಮೊದಲು ಬೇಕಾದದ್ದು ಒಂದು ಬಕೆಟ್ ಸೋಪಿನ ನೀರು. ಗಾಡಿಯನ್ನು ಅತಿ ಎತ್ತರದ ಸ್ಥಿತಿಯಲ್ಲೊಮ್ಮೆ, ಅತಿ ತಗ್ಗಿನ ಸ್ಥಿತಿಯಲ್ಲೊಮ್ಮೆ ನಿಲ್ಲಿಸಿ, ಬೆಲ್ಲೋದ ಮಡಿಕೆಗಳಿಗೂ ಜಾಯಿಂಟುಗಳಿಗೂ ಬಳಿದು ಗುಳ್ಳೆ ಏಳುವುದನ್ನು ನೋಡಬೇಕು. ರಬ್ಬರ್ ಬಿರುಕು ಬಿಡುವುದು ಮಡಿಕೆಯ ಒಳಗೆರೆಯಲ್ಲಿ. ಒಂದು ಎತ್ತರದಲ್ಲಿ ಮುಚ್ಚಿಕೊಂಡಿರುವ ಬಿರುಕು ಇನ್ನೊಂದರಲ್ಲಿ ಬಾಯಿಬಿಡುತ್ತದೆ. ಒಂದೇ ಎತ್ತರದಲ್ಲಿ ನೋಡಿ ಸೋರಿಕೆಯಿಲ್ಲ ಎಂದು ತೀರ್ಮಾನಿಸುವುದು ಗ್ಯಾರೇಜುಗಳಲ್ಲಿ ಆಗುವ ಸಾಮಾನ್ಯ ತಪ್ಪು. ಎಸ್ಟೇಟಿನ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದ್ದರಿಂದ ಇಲಿ ಕಚ್ಚಿದ ಪೈಪೂ ಇರಬಹುದು, ಅದನ್ನೂ ನೋಡಿಸಿ.

ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ. ಬಸ್ಸುಗಳಲ್ಲಿ ಏರ್ ಸಸ್ಪೆನ್ಶನ್ ವರ್ಷಗಟ್ಟಲೆ ಬಾಳುತ್ತದೆಯಲ್ಲ, ಕಾರಿನಲ್ಲಿ ಯಾಕಿಲ್ಲ ಎಂದು ಹಲವರು ಕೇಳುತ್ತಾರೆ. ಹಾಸನದ ಬಸ್ ನಿಲ್ದಾಣದಲ್ಲಿ ಪುಸ್ಸೆಂದು ಗಾಳಿ ಬಿಡುವ ವೋಲ್ವೋ ಬಸ್ಸಿನಲ್ಲಿ ಬ್ರೇಕಿಗೂ ಸಸ್ಪೆನ್ಶನ್ನಿಗೂ ಗಾಳಿ ಒದಗಿಸುವುದು ಎಂಜಿನ್ನಿನಿಂದಲೇ ತಿರುಗುವ ದೊಡ್ಡ ಕಂಪ್ರೆಸರ್. ಸಣ್ಣಪುಟ್ಟ ಸೋರಿಕೆ ಅದಕ್ಕೆ ಲೆಕ್ಕಕ್ಕಿಲ್ಲ. ಕಾರಿನದ್ದು ಬ್ಯಾಟರಿಯಿಂದ ನಡೆಯುವ ಪುಟ್ಟ ಕಂಪ್ರೆಸರ್, ಆಗಾಗ ಸ್ವಲ್ಪ ಹೊತ್ತು ಓಡಿ ನಿಲ್ಲಲೆಂದೇ ಮಾಡಿದ್ದು. ಬೆಲ್ಲೋ ಸೋರುತ್ತಿದ್ದರೆ ಅದು ಬಿಡುವಿಲ್ಲದೆ ಓಡಿ, ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಜೊತೆಗೆ ನಮ್ಮ ಮಲೆನಾಡಿನ ಮಳೆಗಾಲದ ತೇವದ ಗಾಳಿಯನ್ನು ಮಿತಿಮೀರಿ ಎಳೆದುಕೊಂಡಾಗ, ತೇವ ಹೀರುವ ಡ್ರೈಯರಿನ ಹರಳುಗಳು ತುಂಬಿಕೊಂಡು, ನೀರು ವಾಲ್ವ್ ಬ್ಲಾಕಿನವರೆಗೂ ಹೋಗುತ್ತದೆ. ಒಂದು ಬೆಲ್ಲೋದ ಖರ್ಚು ಮೂರು ಭಾಗಗಳ ಖರ್ಚಾಗುವುದು ಹೀಗೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನನ್ನ ಲೆಕ್ಕ ಇಷ್ಟು: ಕೆಟ್ಟಿರುವುದು ಒಂದು ಬೆಲ್ಲೋ ಆದರೆ, ಮುಂದಿನ ಎರಡನ್ನೂ ಜೋಡಿಯಾಗಿ ಬದಲಿಸಿ ಏರ್ ಸಸ್ಪೆನ್ಶನ್ ಉಳಿಸಿಕೊಳ್ಳಿ, ಬಲಗಡೆಯದಕ್ಕೂ ಅಷ್ಟೇ ವಯಸ್ಸಾಗಿದೆ. ಷೋರೂಮ್ ಬೆಲೆ ಕೇಳಿ ಗಾಬರಿಯಾಗಬೇಕಿಲ್ಲ. ಬಿಲ್‌ಸ್ಟೈನ್, ಕಾಂಟಿನೆಂಟಲ್‌ನಂಥ ತಯಾರಕರು ಹಲವು ಮಾದರಿಗಳಿಗೆ ತಮ್ಮ ಹೆಸರಿನಲ್ಲೇ ಇವನ್ನು ಮಾರುತ್ತಾರೆ. ಆದರೆ ನಾಲ್ಕೂ ಬೆಲ್ಲೋ ಬಿರುಕುಬಿಟ್ಟು, ಕಂಪ್ರೆಸರ್ ದಣಿದು, ವಾಲ್ವ್ ಬ್ಲಾಕಿನಲ್ಲಿ ನೀರು ಕಂಡಿದ್ದರೆ, ಅಷ್ಟನ್ನೂ ಹೊಸದಾಗಿ ಹಾಕಿಸುವ ಬದಲು ಸ್ಪ್ರಿಂಗಿಗೆ ಹೋಗುವುದರಲ್ಲಿ ಅರ್ಥವಿದೆ. ಹಾಗೆ ಮಾಡುವವರಲ್ಲಿ ನೀವು ಮೊದಲಿಗರೂ ಅಲ್ಲ. ಅಮೆರಿಕದಲ್ಲಿ 1957ರಲ್ಲಿ ಬಂದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೌಮ್ ಎಂಬ ಅತಿ ದುಬಾರಿ ಕಾರಿಗೆ ಏರ್ ಸಸ್ಪೆನ್ಶನ್ ಇತ್ತು. ಅದರ ಸೋರಿಕೆಯ ಕಾಟ ತಾಳಲಾರದೆ ಬಹಳಷ್ಟು ಮಾಲೀಕರು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ಒಪ್ಪಲಾಗದ ಮಾತೆಂದರೆ ಇನ್ನೊಂದು ಗಾಡಿಯ ಸ್ಪ್ರಿಂಗ್ ಹೊಂದುತ್ತದೆ ಎನ್ನುವುದು. ಕೂರುವುದು ಬೇರೆ, ಹೊಂದುವುದು ಬೇರೆ. ಕಾಯಿಲ್ ಸ್ಪ್ರಿಂಗಿನ ಬಿರುಸು ಅದರ ಸರಿಗೆಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಸುರುಳಿಯ ಅಗಲವೂ ಸುತ್ತುಗಳ ಸಂಖ್ಯೆಯೂ ಒಂದೇ ಇದ್ದು, ಸರಿಗೆ 12 ಮಿ.ಮೀ. ಬದಲು 13 ಮಿ.ಮೀ. ಇದ್ದರೆ ಬಿರುಸು ಶೇಕಡಾ 38ರಷ್ಟು ಹೆಚ್ಚುತ್ತದೆ. ಕಣ್ಣಳತೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಚಾರ್ಮಾಡಿಯ ತಿರುವಿನಲ್ಲಿ ಒಂದೇ ತರಹ ನಡೆದುಕೊಳ್ಳುವುದಿಲ್ಲ. ಶಾಕ್ ಅಬ್ಸಾರ್ಬರ್ ಕೂಡ ಅದೇ ಸ್ಪ್ರಿಂಗಿಗೆ ತಕ್ಕದ್ದಾಗಿರಬೇಕು. ಇಲ್ಲವಾದರೆ ಒಂದು ಹಳ್ಳಕ್ಕೆ ಇಳಿದ ಗಾಡಿ ಮೂರು ಸಲ ತೂಗಾಡುತ್ತದೆ.

ಹಾಗಾಗಿ ಮೊದಲು ವಿಚಾರಿಸಬೇಕಾದದ್ದು, ನಿಮ್ಮ ಗಾಡಿಯ ಮಾದರಿಯನ್ನೇ ಕಂಪನಿ ಕಾಯಿಲ್ ಸ್ಪ್ರಿಂಗಿನೊಂದಿಗೂ ಮಾರಿತ್ತೇ ಎಂಬುದನ್ನು. ಪೋರ್ಷೆ ಕಯೆನ್ ಮತ್ತು ಔಡಿ ಕ್ಯೂ7ಗಳ ಮೊದಲ ಪೀಳಿಗೆಗಳು ಎರಡೂ ಬಗೆಯಲ್ಲಿ ಬಂದಿದ್ದವು. ಅಂಥ ಮಾದರಿಯಾದರೆ ಆ ಆವೃತ್ತಿಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಅವನ್ನು ಗಾಡಿಗೆ ಬಿಗಿಯುವ ಮೇಲಿನ ಮೌಂಟುಗಳನ್ನೇ ತರಿಸಿ, ಗಾಡಿಯ ಕಂಪ್ಯೂಟರಿಗೂ ಅದನ್ನು ತಿಳಿಸಿ ಕೋಡಿಂಗ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. 1998ರಲ್ಲಿ ಬಂದ ಪೀಳಿಗೆಯ ಮರ್ಸಿಡಿಸ್ ಎಸ್-ಕ್ಲಾಸ್‌ನಂತೆ ಸಾಮಾನ್ಯ ಸ್ಟೀಲ್ ಸ್ಪ್ರಿಂಗಿನ ಆವೃತ್ತಿಯೇ ಇಲ್ಲದ ಗಾಡಿಯಾದರೆ, ಆ ಮಾದರಿಗೆಂದೇ ಲೆಕ್ಕಹಾಕಿ ತಯಾರಿಸಿದ ಪೂರ್ಣ ಕಿಟ್ ಮಾತ್ರ ಹಾಕಿಸಿ. ಬಿಡಿಬಿಡಿಯಾಗಿ ಹೊಂದಿಸಲು ಹೋಗಬೇಡಿ.

ಸ್ಪ್ರಿಂಗಿಗೆ ಹೋದರೆ ಕಳೆದುಕೊಳ್ಳುವುದೇನು ಎಂಬುದನ್ನೂ ಹೇಳಬೇಕು. ಬೆಲ್ಲೋದಲ್ಲಿ ಭಾರ ಹೆಚ್ಚಿದರೆ ಗಾಳಿ ಹೆಚ್ಚುತ್ತದೆ, ಎತ್ತರ ಬದಲಾಗುವುದಿಲ್ಲ. ಸ್ಪ್ರಿಂಗಿಗೆ ಆ ಜಾಣತನವಿಲ್ಲ. ಹಿಂದಿನ ಪ್ರತಿ ಚಕ್ರದ ಸ್ಪ್ರಿಂಗ್ ಒಂದು ಮಿ.ಮೀ. ಕುಗ್ಗಲು 4 ಕೆ.ಜಿ. ಭಾರ ಬೇಡುತ್ತದೆ ಎಂದುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ 50 ಕೆ.ಜಿ.ಯ ನಾಲ್ಕು ಮೂಟೆ ಬಿದ್ದರೆ ಹಿಂಭಾಗ 25 ಮಿ.ಮೀ. ತಗ್ಗುತ್ತದೆ, ಮೂತಿ ಮೇಲಾಗುತ್ತದೆ. ತೋಟದ ಕೊರಕಲು ದಾರಿಯಲ್ಲಿ ಗುಂಡಿಯೊತ್ತಿ ಗಾಡಿಯನ್ನು ಎತ್ತರಿಸುವ ಅನುಕೂಲವೂ ಹೋಗುತ್ತದೆ. ಆ ಗುಂಡಿಯನ್ನು ನೀವು ನಿಜವಾಗಿ ಎಷ್ಟು ಸಲ ಒತ್ತಿದ್ದೀರಿ ಎಂದು ನೆನಪಿಸಿಕೊಂಡರೆ ನಿರ್ಧಾರ ಅರ್ಧ ಆದಂತೆಯೇ.

ಕೆಲಸ ಮಾಡಿಸುವಾಗ, ಪೈಪು ಬಿಚ್ಚುವ ಮೊದಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನ ಮೂಲಕ ಗಾಳಿ ಪೂರ್ತಿ ಇಳಿಸುತ್ತಾರೆಯೇ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಾರೆಯೇ, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಉಪಕರಣ ಅವರಲ್ಲಿದೆಯೇ ನೋಡಿ. ಒತ್ತಿ ಹಿಡಿದ ಸ್ಪ್ರಿಂಗ್ ಕೈತಪ್ಪಿದರೆ ಪ್ರಾಣಕ್ಕೇ ಎರವಾದೀತು. ಮೋಟಾರು ವಾಹನ ಕಾಯ್ದೆ, 1988ರ ಕಲಂ 52 ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಆದ್ದರಿಂದ ಕೆಲಸಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಿ. ಬಿಚ್ಚಿದ ಭಾಗಗಳನ್ನು ಗುಜರಿಗೆ ಕೊಡದೆ ಇಟ್ಟುಕೊಂಡಿರಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ನನ್ನ ಕಾರಿಗೆ ಏರ್ ಸಸ್ಪೆನ್ಶನ್ ತೆಗೆಸಿ ಸ್ಪ್ರಿಂಗ್ ಹಾಕಿಸಿದೆ. ಓಟ ಚೆನ್ನಾಗಿದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಆರುವುದೇ ಇಲ್ಲ, ರಾತ್ರಿ ಎದುರಿನವರೆಲ್ಲ ಲೈಟ್ ಡಿಮ್ ಮಾಡಿ ಎಂದು ಸನ್ನೆ ಮಾಡುತ್ತಾರೆ. ದೀಪದ ವೈರ್ ಕತ್ತರಿಸಬಹುದೇ? (ಓದುಗರು, ಹಾಸನ)

ಉತ್ತರ: ದಯವಿಟ್ಟು ಕತ್ತರಿಸಬೇಡಿ. ನಾಳೆ ಬೇರೊಂದು ನಿಜವಾದ ದೋಷಕ್ಕೆ ಅದೇ ದೀಪ ಉರಿಯಬೇಕಾಗಬಹುದು. ಈಗ ಇಲ್ಲದ ಕಂಪ್ರೆಸರನ್ನು ಗಾಡಿಯ ಕಂಪ್ಯೂಟರ್ ಇನ್ನೂ ಹುಡುಕುತ್ತಿದೆ. ಕಿಟ್ಟಿನೊಂದಿಗೆ ಬರುವ ಮಾಡ್ಯೂಲ್ ಹಾಕಿಸಬೇಕು ಅಥವಾ ಸ್ಕ್ಯಾನರಿನಿಂದ ಆ ವ್ಯವಸ್ಥೆಯನ್ನು ಕೋಡಿಂಗಿನಲ್ಲಿ ತೆಗೆಸಬೇಕು. ಹೆಡ್‌ಲೈಟಿನ ತೊಂದರೆಗೆ ಬಹುಶಃ ಕಾರಣ ಎತ್ತರ ಅಳೆಯುವ ಸೆನ್ಸರುಗಳು. ಝೆನಾನ್, ಎಲ್‌ಇಡಿ ದೀಪಗಳಿರುವ ಅನೇಕ ಕಾರುಗಳಲ್ಲಿ ಬೆಳಕಿನ ಕೋನವನ್ನು ಹೊಂದಿಸುವುದೂ ಅವೇ. ಕಳಚಿದ್ದರೆ ಮತ್ತೆ ಹಾಕಿಸಿ, ಹೊಸ ಎತ್ತರಕ್ಕೆ ಕ್ಯಾಲಿಬ್ರೇಶನ್ ಮಾಡಿಸಿ. ಶಿರಾಡಿಯ ಮಂಜಿನಲ್ಲಿ ಎದುರಿನ ಲಾರಿ ಚಾಲಕನ ಕಣ್ಣು ಕುಕ್ಕುವ ಬೆಳಕು ನಿಮಗೂ ಅಪಾಯವೇ. ಹಾಗೆಯೇ ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತುಸು ತಗ್ಗಿ ಕೂರುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು, ಎಡಬಲ ಸಮವಿದೆ ಎಂದು ಖಚಿತಪಡಿಸಿಕೊಂಡ ನಂತರ ವೀಲ್ ಅಲೈನ್‌ಮೆಂಟನ್ನು ಇನ್ನೊಮ್ಮೆ ಮಾಡಿಸಿ.

ಪ್ರಶ್ನೆ: ನನ್ನ ಕಾರಿನ ಏರ್ ಸಸ್ಪೆನ್ಶನ್ ಸದ್ಯ ಸರಿಯಾಗಿದೆ. ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆಲ್ಲ ಡೀಸೆಲ್-ಆಯಿಲ್ ಸ್ಪ್ರೇ ಮಾಡಿಸುವುದು ರೂಢಿ. ಅದು ಸಾಕೇ? (ಓದುಗರು, ಸಕಲೇಶಪುರ)

ಉತ್ತರ: ಜೀಪಿಗೆ ಹೊಂದಿದ ರೂಢಿ ಈ ಕಾರಿಗೆ ಹೊಂದದು. ಡೀಸೆಲ್, ಆಯಿಲ್ ತಗುಲಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬೆಲ್ಲೋಗಳ ಹತ್ತಿರ ಆ ಸ್ಪ್ರೇ ಬೇಡವೇ ಬೇಡ. ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ, ಸ್ಟ್ಯಾಂಡಿನ ಆಸರೆಯಲ್ಲಿ ನಿಲ್ಲಿಸಿ, ಮಡಿಕೆಗಳಲ್ಲಿ ಕೂತ ಮಣ್ಣನ್ನು ಬರಿಯ ನೀರಿನಿಂದ ತೊಳೆಸಿ. ಪ್ರೆಶರ್ ಪಂಪಿನ ಮೂತಿಯನ್ನು ಹತ್ತಿರ ಹಿಡಿಯದಿರಲಿ. ತೊಳೆಯುವವರು ಸ್ಟ್ಯಾಂಡ್ ಇಲ್ಲದೆ ಮಡ್‌ಗಾರ್ಡಿನೊಳಗೆ ಕೈ ಹಾಕದಂತೆ ನೋಡಿಕೊಳ್ಳಿ, ಗಾಡಿ ಇದ್ದಕ್ಕಿದ್ದಂತೆ ಇಳಿಯಬಹುದು. ತಿಂಗಳುಗಟ್ಟಲೆ ನಿಂತಿರುವ ಕಾರಾದರೆ ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ಎತ್ತರಕ್ಕೆ ಬರುವವರೆಗೆ ಬಿಡಿ. ಗಾಳಿ ಇಳಿದು ಕುಸಿದ ಸ್ಥಿತಿಯಲ್ಲಿ ಮಾತ್ರ ಗೇಟಿನವರೆಗೂ ಓಡಿಸಬೇಡಿ. ಮಡಿಸಿಕೊಂಡ ರಬ್ಬರ್ ಲೋಹದ ನಡುವೆ ಸಿಕ್ಕಿ ಹರಿಯುತ್ತದೆ.