ನಮ್ಮ ವಕೀಲರು ಎದುರು ವಕೀಲರ ಜೊತೆ ನಗ್ತಾರಲ್ಲ?

ಪ್ರಶ್ನೆ: ಅಣ್ಣನ ಮೇಲೆ ಆಸ್ತಿ ಪಾಲಿನ ಕೇಸು ಹಾಕಿದ್ದೇನೆ. ನಮ್ಮ ವಕೀಲರು ಕೋರ್ಟ್ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಅವನ ವಕೀಲರ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಾರೆ. ಕಳೆದ ಸಲ ಆ ಕಡೆಯವರು ಟೈಮ್ ಕೇಳಿದಾಗ ತಕರಾರು ಮಾಡಲಿಲ್ಲ. ಅಣ್ಣ ಕುಡುಕ ಅಂತ ಬರೆಯಿರಿ ಅಂದರೂ ಬರೆಯಲಿಲ್ಲ. ಇವರನ್ನು ನಂಬಬಹುದಾ?

ಉತ್ತರ: ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ. ಆದರೆ ಜಗಳ ನಿಮ್ಮದು, ವಕೀಲರದ್ದಲ್ಲ. ಅವರಿಬ್ಬರೂ ನಾಳೆ ಇನ್ನೊಂದು ಕೇಸಿನಲ್ಲಿ ಮತ್ತೆ ಎದುರುಬದುರು ನಿಲ್ಲಬೇಕು.

ಕುಡುಕ ಅನ್ನೋದನ್ನೇ ತಗೊಳ್ಳಿ. ಕುಡುಕನಿಗೂ ಪಾಲು ಪಾಲೇ ಅಲ್ವಾ? ಆ ಮಾತಿನಿಂದ ನಿಮಗೆ ಒಂದು ಗುಂಟೆಯೂ ಜಾಸ್ತಿ ಬರುವುದಿಲ್ಲ, ಸುಮ್ನೆ ಜಡ್ಜ್ ಮುಂದೆ ನೀವೇ ಸಣ್ಣವರಾಗುತ್ತೀರಿ, ನಾಳೆ ರಾಜಿಗೆ ಕೂತರೆ ಅಣ್ಣ ಮೊದಲು ಎತ್ತುವುದೂ ಅದೇ ಮಾತನ್ನು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಇದನ್ನೇ ಹೇಳುತ್ತವೆ: ವಕೀಲ ಕಕ್ಷಿದಾರನ ಬರೀ ಬಾಯಿ ಅಲ್ಲ, ಕೀಳು ಬೈಗುಳ ಬರೆಯಬಾರದು, ಕಕ್ಷಿದಾರನ ಅಡ್ಡದಾರಿಯನ್ನು ತಡೆಯಬೇಕು, ಅವನು ಕೇಳದಿದ್ದರೆ ಕೇಸೇ ಬಿಡಬೇಕು. ನಿಮ್ಮವರು ಬರೆಯದೆ ಬಿಟ್ಟದ್ದು ನಿಮಗಾಗಿಯೇ ಮಾಡಿದ ಕೆಲಸ.

ಟೈಮ್ ವಿಷಯ ಮಾತ್ರ ಸ್ವಲ್ಪ ಗಮನಿಸಿ. ಆ ವಕೀಲರಿಗೆ ಜ್ವರ ಬಂದಿತ್ತೋ ಏನೋ, ಒಂದು ಸಲ ಬಿಟ್ಟುಕೊಟ್ಟರೆ ನಿಮ್ಮವರಿಗೆ ಬೇಕಾದಾಗ ಅವರೂ ಬಿಟ್ಟುಕೊಡುತ್ತಾರೆ. ಆದರೆ ವಿಚಾರಣೆ ನಡೆಯುವಾಗ ಒಂದು ಕಡೆಯವರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. (ಕೋರ್ಟಿನಲ್ಲಿ ಅದು ಎಷ್ಟು ನಡೆಯುತ್ತದೆ ಅಂತ ನನ್ನನ್ನು ಕೇಳಬೇಡಿ.) ನಾಲ್ಕನೇ ಸಲವೂ ಸುಮ್ಮನಿದ್ದರೆ ಯಾಕೆ ಅಂತ ನೇರವಾಗಿ ಕೇಳಿ.

ನಗುವುದಕ್ಕೆ ಹೆದರಬೇಡಿ. ನೀವು ಗುಟ್ಟಾಗಿ ಹೇಳಿದ್ದು ಆ ಕಡೆಗೆ ಗೊತ್ತಾಗಿದ್ದರೆ, ನಿಮ್ಮನ್ನು ಕೇಳದೆ ರಾಜಿಗೆ ಒಪ್ಪಿದ್ದರೆ, ಸಾಕ್ಷಿ ದಿನ ಹೇಳದೆ ಕೇಳದೆ ಗೈರಾಗಿದ್ದರೆ ಆಗ ಹೆದರಿ. ಅಂಥದ್ದಕ್ಕೆ 1961ರ ವಕೀಲರ ಅಧಿನಿಯಮದ 35ನೇ ಕಲಂ ಇದೆ, ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಪ್ರಶ್ನೆ: ವಕೀಲರನ್ನು ಬದಲಾಯಿಸಬೇಕು. ಬಾಕಿ ಫೀಸು ಕೊಡುವ ತನಕ ಫೈಲು ಕೊಡಲ್ಲ ಅಂತಾರೆ.

ಉತ್ತರ: ಹಾಗೆ ಇಟ್ಟುಕೊಳ್ಳುವಂತಿಲ್ಲ. ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಡುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಫೀಸು ಬಾಕಿ ಇದ್ದರೆ ಅದನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಬೇಕು. ಹೊಸ ವಕೀಲರು ವಕಾಲತ್ತು (ನಿಮ್ಮ ಪರ ಕೇಸು ನಡೆಸಲು ನೀವು ಸಹಿ ಹಾಕಿ ಕೊಡುವ ಅಧಿಕಾರಪತ್ರ) ಹಾಕಲು ಹಳೆಯವರ ಒಪ್ಪಿಗೆ ಬೇಕು, ಅವರು ಕೊಡದಿದ್ದರೆ ಕಾರಣ ಹೇಳಿ ಕೋರ್ಟಿನ ಅನುಮತಿ ಕೇಳಬಹುದು. ಫೈಲು ಕೇಳಿ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ. ಮತ್ತೆ, ಅವರು ನಿಜವಾಗಿ ಮಾಡಿದ ಕೆಲಸದ ದುಡ್ಡು ಬಾಕಿ ಇದ್ದರೆ ಅದನ್ನೂ ಕೊಟ್ಟುಬಿಡಿ.